ಖಿತಾಮ್ ಕೊಟ್ಟ ಮಾತು

ಅರಬಿಯಲ್ಲಿ ಖಿತಾಮ್ ಎಂದರೆ ಮುಕ್ತಾಯ. ಆರನೆಯದೂ ಹೆಣ್ಣಾದಾಗ ಇನ್ನು ಸಾಕೆಂದು ಅಪ್ಪ ಇಟ್ಟ ಹೆಸರು. ಬೇಡದವಳಾಗಿ ಹುಟ್ಟಿದ್ದಕ್ಕೇ ಅವಳು ಬಂದವರನ್ನೆಲ್ಲ ಅಷ್ಟು ಅಕ್ಕರೆಯಿಂದ ಬರಮಾಡಿಕೊಳ್ಳುತ್ತಿದ್ದಳು ಎಂದು ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ಅದು ಅವಳು ಕಷ್ಟಪಟ್ಟು ಕಲಿತ ಕೆಲಸ.

ಕರಕ್ ಪಟ್ಟಣದ ಮಹಿಳಾ ಸಂಘದಲ್ಲಿ ಮಂಗಳವಾರದ ಕೂಟವನ್ನು ಅವಳು ಹದಿನಾಲ್ಕು ವರ್ಷ ನಡೆಸಿದಳು. ಮನೆಯಲ್ಲಿ ಆಡಲಾಗದ ಮಾತನ್ನು ಹೆಂಗಸರು ಅಲ್ಲಿ ಆಡುತ್ತಿದ್ದರು. ಹೊಸ್ತಿಲಲ್ಲಿ ಚಪ್ಪಲಿ ಕಂಡರೆ ಯಾರು ಬಂದಿದ್ದಾರೆಂದು ಬೀದಿಗೆಲ್ಲ ತಿಳಿಯುತ್ತದೆಂದು ಚಪ್ಪಲಿಗಳನ್ನು ಒಳಗೆ ಇಡಿಸುತ್ತಿದ್ದಳು. ಅತ್ತೆ ಸೊಸೆಯರನ್ನು ಒಟ್ಟಿಗೆ ಕೂರಿಸುತ್ತಿರಲಿಲ್ಲ. ಅಳುವವರ ಕೈಗೆ ಕರವಸ್ತ್ರ ಕೊಡುತ್ತಿರಲಿಲ್ಲ; ಕೊಟ್ಟರೆ ಅಳು ನಿಲ್ಲಿಸು ಎಂದಂತೆ ಎನ್ನುತ್ತಿದ್ದಳು.

ಮಾತು ಶುರುವಾಗುವ ಮೊದಲು ಒಂದು ನಿಯಮವನ್ನು ಹೇಳಲೇಬೇಕಿತ್ತು. ಅದನ್ನು ಬರೆದವಳು ನಾನು. ಸಂಘದ ಮೇಲ್ವಿಚಾರಣೆ ಆಗ ನನ್ನದು. ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ, ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೋಗುತ್ತದೆ.

ಒಂದು ಮಂಗಳವಾರ ನೋಫಾ ಎಂಬ ವಿಧವೆ ಬಂದಳು. ವಯಸ್ಸು ಐವತ್ತು ದಾಟಿತ್ತು. ವಾಡಿಕೆಯಂತೆ ಎಲ್ಲರೂ ಅವಳನ್ನು ಮಗನ ಹೆಸರಿನಿಂದ ಉಮ್ ಫವ್ವಾಜ್, ಅಂದರೆ ಫವ್ವಾಜನ ತಾಯಿ, ಎಂದೇ ಕರೆಯುತ್ತಿದ್ದರು. ಖಿತಾಮ್ ಕಹಿ ಕಾಫಿ ಬಗ್ಗಿಸಿ ಕೊಟ್ಟಳು. ನೋಫಾ ಕುಡಿಯದೆ ಬಟ್ಟಲನ್ನು ನೆಲದ ಮೇಲಿಟ್ಟಳು.

ಹಾಗೆ ಇಟ್ಟರೆ ಅತಿಥಿ ಏನೋ ಬೇಡಲು ಬಂದಿದ್ದಾರೆಂದು ಅರ್ಥ. ಬೇಡಿಕೆ ಏನೆಂದು ಕೇಳುವ ಮೊದಲೇ ಮನೆಯವರು ಒಪ್ಪಬೇಕು. ಕಾಫಿ ಮುಟ್ಟದೆ ಅತಿಥಿ ಎದ್ದುಹೋದರೆ ಅವಮಾನ. ಹೆಣ್ಣು ಕೇಳುವಾಗಲೂ ಕೊಲೆಯ ರಾಜಿಯಲ್ಲೂ ಗಂಡಸರು ಹೀಗೆ ಮಾಡುತ್ತಾರೆ. ಹೆಂಗಸೊಬ್ಬಳು ಮಾಡಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ.

"ಏನೇ, ಮಗನಿಗೆ ನಮ್ಮ ಖಿತಾಮಕ್ಕನ್ನ ಕೇಳೋಕೆ ಬಂದ್ಯಾ?" ಎಂದಳು ಬಾಯಾಳಿ ಸಬ್ಹಾ. "ಕೊಟ್ಬಿಡ್ರೇ, ನಲವತ್ತಾರಾಯ್ತು, ಇನ್ಯಾವಾಗ!"

ನಕ್ಕರು. ನೋಫಾ ನಗಲಿಲ್ಲ. ಖಿತಾಮ್ ಇನ್ನೂ ನಿಯಮ ಹೇಳಿರಲಿಲ್ಲ.

"ಕುಡೀರಿ ಉಮ್ ಫವ್ವಾಜ್. ನೀವು ಬಂದ ಕೆಲಸ ಆಯ್ತು ಅಂತ್ಲೇ ತಿಳ್ಕೊಳಿ."

ನೋಫಾ ಒಂದೇ ಗುಟುಕಿಗೆ ಕುಡಿದಳು. "ನಾನೀಗ ಹೇಳೋದು ನನ್ನ ಅಣ್ಣನಿಗಾಗ್ಲಿ ಪೊಲೀಸರಿಗಾಗ್ಲಿ ಹೋಗಬಾರ್ದು. ಅಷ್ಟೇ ನಾನು ಬೇಡಿದ್ದು."

ಆಮೇಲೆ ಚಾದರದಿಂದ ಎಡಗೈ ಹೊರತೆಗೆದಳು. ಮುರಿದ ಎರಡು ಬೆರಳು ಓರೆಯಾಗಿ ಕೂಡಿಕೊಂಡಿದ್ದವು. ಫವ್ವಾಜ್ ಅಮಲಿನ ಮಾತ್ರೆಗಳ ಚಟಕ್ಕೆ ಬಿದ್ದಿದ್ದ. ಸಿಗದ ದಿನ ಹೊಡೆಯುತ್ತಿದ್ದ. ಹಿಂದಿನ ವಾರ ಕುತ್ತಿಗೆ ಹಿಸುಕಿದ್ದ.

"ಅಣ್ಣನಿಗೆ ಗೊತ್ತಾದ್ರೆ ಅವನನ್ನ ಕೊಂದೇಬಿಡ್ತಾನೆ," ಎಂದಳು.

ಖಿತಾಮ್ ಹೆಸರು ಹೇಳದೆ ನನ್ನ ಸಲಹೆ ಕೇಳಿದಳು. ಜೀವದ ಪ್ರಶ್ನೆ, ತಿಳಿಸು ಎಂದೆ.

"ಮಾತು ಕೊಟ್ಟಿದೀನಿ ಮೇಡಂ."

"ನಿಯಮ ಹೇಳಿದ್ಯಾ?"

"ಇಲ್ಲ. ಹೇಳಿದ್ರೆ ಎದ್ದು ಹೋಗ್ತಿದ್ರು."

"ಎದ್ದು ಹೋಗ್ಲಿ ಅನ್ನೋದು ನಿನಗೆ ಬರೋದೇ ಇಲ್ಲ."

ಹೆಸರನ್ನು ಅವಳು ಕೊನೆಗೂ ಹೇಳಲಿಲ್ಲ. ನೋಫಾ ಐದು ಮಂಗಳವಾರ ಬಂದಳು. ಪ್ರತಿ ಸಲವೂ ಖಿತಾಮ್ ಬೇಡಿಕೊಂಡಳು: "ಆ ಮಾತಿಂದ ನನ್ನನ್ನ ಬಿಡಿಸಿ."

"ಇಲ್ಲಿ ಒಂದು ಗಂಟೆ ಉಸಿರಾಡ್ತೀನಿ. ಅದನ್ನೂ ಕಿತ್ಕೋಬೇಡ ತಾಯಿ."

ಆರನೆಯ ಮಂಗಳವಾರ ಬರಲಿಲ್ಲ. ಹಿಂದಿನ ದಿನವೇ ಫವ್ವಾಜ್ ಅವಳನ್ನು ಮಾಳಿಗೆಯ ಮೆಟ್ಟಿಲಿಂದ ತಳ್ಳಿದ್ದ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಸತ್ತಳು.

ಮಣ್ಣು ಮಾಡಿದ ಮೇಲೆ ಕೂಟದವರಲ್ಲಿ ಯಾರೋ ಬಾಯಿಬಿಟ್ಟರು. ನೋಫಾಳ ಅಣ್ಣ ಸಂಘದ ಬಾಗಿಲಿಗೆ ಬಂದ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಖಿತಾಮ್.

"ಅವಳ ಮನೆಯಿಂದ ನಮ್ಮನೆ ಎರಡನೇ ಬೀದೀಲೇ ಕಣಮ್ಮ. ಅವನನ್ನ ನಾನು ಕೊಲ್ತಿರ್ಲಿಲ್ಲ. ಅವಳನ್ನ ಕರ್ಕೊಂಡು ಬರ್ತಿದ್ದೆ."

ಅವನು ಕೂಗಾಡಲಿಲ್ಲ. ಅಷ್ಟು ಹೇಳಿ ಹೊರಟುಹೋದ.

ಮುಂದಿನ ಮಂಗಳವಾರ ಹನ್ನೊಂದು ಹೊಸಬರು ಬಂದರು. ಅಷ್ಟು ಜನ ಹಿಂದೆಂದೂ ಬಂದಿರಲಿಲ್ಲ.

"ನೋಡಿದ್ಯಾ ಅಕ್ಕ?" ಎಂದಳು ಸಬ್ಹಾ ಹೆಮ್ಮೆಯಿಂದ. "ಜೀವ ಹೋದ್ರೂ ಖಿತಾಮ್ ಬಾಯಿ ಬಿಡಲ್ಲ ಅಂತಿದೆ ಊರೆಲ್ಲ."

ಖಿತಾಮ್ ಬಾಗಿಲಿಗೆ ಅಡ್ಡ ನಿಂತು, ಕೂರಿಸುವ ಮೊದಲೇ ಒಬ್ಬೊಬ್ಬರಿಗೂ ನಿಯಮ ಹೇಳಿದಳು. ಏಳು ಮಂದಿ ಹಿಂತಿರುಗಿದರು. ಅವರಲ್ಲಿ ಒಬ್ಬಳ ಕಣ್ಣು ಊದಿಕೊಂಡಿತ್ತು.

"ಹಾಗಾದ್ರೆ ನಾನೆಲ್ಲಿಗೆ ಹೋಗ್ಲಿ ಅಕ್ಕ?"

"ಒಳಗೆ ಬಾ. ನಾನು ಹೇಳ್ತೀನಿ ಅಂತ ಗೊತ್ತಿದ್ದೇ ಬಾ."

ಅವಳು ಚಾದರವನ್ನು ಮುಖದ ಮೇಲೆಳೆದುಕೊಂಡು ಮೆಟ್ಟಿಲಿಳಿದಳು. ಖಿತಾಮ್ ಅವಳ ಹೆಸರನ್ನೂ ಕೇಳಿರಲಿಲ್ಲ. ಉಳಿದ ನಾಲ್ವರನ್ನು ಕೂರಿಸಿ ಕೂಟ ಶುರುಮಾಡಿದಳು.