ಗಸ್ತೋನೆ ಎತ್ತರಿಸಿದ ನೆಲ

ಕಾಸ್ತೆಲ್ಲೊ ಕೇರಿಯ ಎತ್ತರದ ಗಂಡಸರು ಯಾರೂ ಗಸ್ತೋನೆ ಪೆನ್ಜೊನ ಅಂಗಡಿಯಲ್ಲಿ ಕ್ಷೌರ ಮಾಡಿಸಿಕೊಳ್ಳುತ್ತಿರಲಿಲ್ಲ. ಅವರಿಗೆ ಅವನ ಮೇಲೆ ಸಿಟ್ಟೇನೂ ಇರಲಿಲ್ಲ. ಅಂಗಡಿಯೊಳಗೆ ಅವರ ತಲೆ ಹಿಡಿಸುತ್ತಿರಲಿಲ್ಲ, ಅಷ್ಟೇ.

ಇದು ಶುರುವಾದದ್ದು ಅವನ ಅಪ್ಪನ ಕಾಲದಲ್ಲಿ. ಅರವತ್ತಾರರ ನವೆಂಬರಿನಲ್ಲಿ ಕಡಲು ವೆನಿಸ್ಸಿನೊಳಗೆ ಬಂದು, ಇಳಿಯುವ ಹೊತ್ತಾದರೂ ಇಳಿಯದೆ ಕೂತುಬಿಟ್ಟಾಗ ಗಸ್ತೋನೆಗೆ ಹದಿನೆಂಟು. ನೀರು ಹೋದ ಮೇಲೆ ಗೋಡೆಯ ಸುತ್ತ ಎಣ್ಣೆ ಬೆರೆತ ಕಪ್ಪು ಗೆರೆಯೊಂದು ಉಳಿಯಿತು. ಕನ್ನಡಿಯಲ್ಲಂತೂ ಅದು ಹಿಂದಿನ ಲೇಪಕ್ಕೇ ಇಳಿದಿತ್ತು. ಕುರ್ಚಿಯಲ್ಲಿ ಕೂತವರಿಗೆಲ್ಲ ಆ ಗೆರೆ ಸರಿಯಾಗಿ ಮೂಗಿನ ಕೆಳಗೆ ಮೀಸೆಯಂತೆ ಕಾಣುತ್ತಿತ್ತು. ಹೊಸ ಕನ್ನಡಿ ಬರುವವರೆಗೆ ಅಪ್ಪ ಅದರಲ್ಲೇ ಎಲ್ಲರ ಮೀಸೆ ಬೋಳಿಸಿದ.

"ನೀರಿಗೆ ಬರಬೇಡ ಅನ್ನೋಕಾಗಲ್ಲ. ನಾವೇ ನಾಲ್ಕ್ ಬೆರಳು ಮೇಲೆ ಹೋಗೋಣ" ಎಂದು ಅಪ್ಪ ತೀರ್ಮಾನಿಸಿದ. ಹಳೆಯ ನೆಲವನ್ನು ಹಾಗೇ ಬಿಟ್ಟು, ಅದರ ಮೇಲೆ ಇಟ್ಟಿಗೆ ಚೂರು, ಗಾರೆ ಹಾಕಿ ಹಸಿರು ಬಿಲ್ಲೆ ಹಾಸಿದರು. ಕೇರಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಚಾವಣಿಯನ್ನೂ ನಾಲ್ಕು ಬೆರಳು ಮೇಲೆತ್ತುವಂತಿರಲಿಲ್ಲ. ಅದು ಮೇಲಿನ ಮನೆಯವರ ನೆಲ.

ಅಪ್ಪ ತೀರಿಕೊಂಡ ಮೇಲೆ ಕತ್ತರಿ, ಅಂಗಡಿ, ಅದರ ಹಿಂದಿನ ಅಡುಗೆಮನೆ, ಮಲಗುವ ಕೋಣೆ ಎಲ್ಲವೂ ಗಸ್ತೋನೆಗೆ ಬಂದವು. ಅವನು ಕುಳ್ಳ. ಮದುವೆಯಾದದ್ದು ಮೀನು ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಇನೆಸ್‌ಳನ್ನು. ಆಕೆ ಅವನಿಗಿಂತ ಒಂದು ತಲೆ ಎತ್ತರ. ಮದುವೆಯ ಮಾತನ್ನು ಅವನು ಎತ್ತಿದ್ದು ಸೇತುವೆಯ ಮೇಲೆ, ತಾನು ಎರಡು ಮೆಟ್ಟಿಲು ಮೇಲೆ ನಿಂತು.

"ಕೆಳಗಿಳಿದು ಕೇಳು. ಹೂಂ ಅಂದ್ಮೇಲೆ ಹೆಂಗೂ ಇಳೀಲೇಬೇಕಲ್ಲ" ಎಂದಳು ಇನೆಸ್. ಅವನು ಇಳಿದು ಕೇಳಿದ.

ಎಪ್ಪತ್ತೊಂಬತ್ತರಲ್ಲಿ, ಕ್ರಿಸ್‌ಮಸ್ ಹೊಸ್ತಿಲಲ್ಲಿದ್ದಾಗ, ನೀರು ಮತ್ತೆ ಬಂತು. ಗಸ್ತೋನೆ ಹಸಿರು ಬಿಲ್ಲೆಯ ಮೇಲೆ ಬೂದು ಬಿಲ್ಲೆ ಹಾಸಿದ. ಅಡುಗೆಮನೆಯ ತೊಲೆ ಇನೆಸ್‌ಳ ಹಣೆಗೆ ತಾಗಿದ್ದು ಆಗಲೇ. ಆಕೆ ತೊಲೆಗೆ ಹಳೆಯ ಕಂಬಳಿ ಸುತ್ತಿ ಮೊಳೆ ಹೊಡೆದಳು. ಎರಡು ಸಾವಿರದ ಎಂಟರಲ್ಲಿ ಇನ್ನೊಂದು ಪದರ ಬಂತು. ಅಲ್ಲಿಂದಾಚೆ ಇನೆಸ್ ಕತ್ತು ಬಗ್ಗಿಸಿಯೇ ಮುಸುಕಿನ ಜೋಳದ ಹಿಟ್ಟಿನ ಪೊಲೆಂಟ ತಿರುವುತ್ತಿದ್ದಳು. ಶಾಲೆಯ ಮೇಷ್ಟ್ರು ಜೆನ್ನಾರೊ, ಉಳಿದಿದ್ದ ಕೊನೆಯ ಎತ್ತರದ ಗಿರಾಕಿ, ಕುರ್ಚಿಯಿಂದ ಏಳುವಾಗ ದೀಪಕ್ಕೆ ತಲೆ ಹೊಡೆಸಿಕೊಂಡು, ಬಹಳ ಸಭ್ಯವಾಗಿ ವಂದನೆ ಹೇಳಿ ಹೋದವರು ಮತ್ತೆ ಬರಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ನವೆಂಬರಿನ ನೀರು ಬಾಗಿಲಿಗೆ ಅಡ್ಡ ಕಟ್ಟಿದ್ದ ಉಕ್ಕಿನ ಹಲಗೆಯನ್ನು ದಾಟಿ ಬಂತು. ದಾಟುವ ಮೊದಲೇ ಬಚ್ಚಲ ತೂಬಿನಿಂದಲೂ ಬಂದಿತ್ತು. ಬೆಳಗಾಗುವಷ್ಟರಲ್ಲಿ ಫ್ರಿಜ್ ಮಗುಚಿಕೊಂಡು, ವಿನೆಗರಿನಲ್ಲಿ ಹಾಕಿಟ್ಟಿದ್ದ ಭೂತಾಯಿ ಮೀನು ಹಾಸಿಗೆಯ ಮೇಲೆ ಸಿಕ್ಕಿತು. ಇಬ್ಬರೂ ಕೆಸರು ಗುಡಿಸಿ, ಉಪ್ಪು ಹೋಗಲೆಂದು ಸಿಹಿನೀರಿನಲ್ಲಿ ಎಲ್ಲವನ್ನೂ ತೊಳೆದರು. ಆಮೇಲೆ ಗಸ್ತೋನೆ ಗೋಡೆಯ ಬಳಿ ಕುಕ್ಕರಗಾಲಲ್ಲಿ ಕೂತು ಬೆರಳು ಜೋಡಿಸಿ ಅಳೆಯತೊಡಗಿದ.

"ಏನ್ ಅಳೀತಿದೀಯ?" ಎಂದಳು ಇನೆಸ್.

"ನಾಲ್ಕೇ ನಾಲ್ಕ್ ಬೆರಳು."

"ಇನ್ನು ನಾಲ್ಕ್ ಬೆರಳು ಏರ್ಸಿದ್ರೆ ನಾನು ಲುಚಿಲ್ಲಾ ಮನೆಗೆ ಹೋಗ್ತೀನಿ."

ಲುಚಿಲ್ಲಾ ಆಕೆಯ ತಂಗಿ. ಸೇತುವೆಯಾಚೆ ಗಟ್ಟಿ ನೆಲದ ಮೆಸ್ತ್ರೆಯಲ್ಲಿ, ಐದನೇ ಮಹಡಿಯಲ್ಲಿ ವಾಸ.

"ಕೋಪದಲ್ಲಿ ಹೇಳ್ತಿದೀಯ" ಎಂದ ಗಸ್ತೋನೆ.

"ಇಲ್ಲ ಮಾರಾಯ, ಕತ್ತು ನೋವಲ್ಲಿ ಹೇಳ್ತಿದೀನಿ."

ಅವನು ಏರಿಸಿದ. ಗಾರೆ ಒಣಗುವುದರೊಳಗೆ ಇನೆಸ್ ಪೆಟ್ಟಿಗೆ ಹಿಡಿದು ದೋಣಿ ಹತ್ತಿದಳು. ಅವನು ದೋಣಿಕಟ್ಟೆಯವರೆಗೂ ಪೆಟ್ಟಿಗೆ ಹೊತ್ತುಕೊಂಡು ಬಂದ. ಅಲ್ಲಿ ಆಕೆ ಬೆನ್ನು ನೆಟ್ಟಗೆ ಮಾಡಿ ನಿಂತದ್ದನ್ನು ಕಂಡು ಅವನಿಗೆ ಒಂದು ಕ್ಷಣ ಗುರುತೇ ಹತ್ತಲಿಲ್ಲ.

ಒಂದು ಭಾನುವಾರ ಅವನೂ ಮೆಸ್ತ್ರೆಗೆ ಹೋದ. ಲುಚಿಲ್ಲಾ ಊಟ ಬಡಿಸಿದಳು, ಲಿಫ್ಟ್ ತೋರಿಸಿದಳು. ಅವಳು ಇಷ್ಟಪಟ್ಟು ತೋರಿಸುತ್ತಿದ್ದುದು ಲಿಫ್ಟನ್ನೇ. ಸಂಜೆ ಗಸ್ತೋನೆ ಎದ್ದ.

"ಇರು, ನಾಳೆ ಹೋಗುವಿಯಂತೆ" ಎಂದಳು ಇನೆಸ್.

"ಇಲ್ಲಿ ಕಾರುಗಳ ಸದ್ದು. ನನಗೆ ನಿದ್ದೆ ಬರಲ್ಲ."

"ಅಲ್ಲಿ ನೀರು ಹೊರಹಾಕೋ ಪಂಪಿನ ಸದ್ದಲ್ಲಿ ಬರ್ತಿತ್ತಲ್ಲ."

"ಅದು ನಮ್ಮ ಪಂಪು."

ಮಾರ್ಚಿನಲ್ಲಿ ರೋಗ ಬಂದು ಊರಿಗೆ ಊರೇ ಬಾಗಿಲು ಹಾಕಿತು. ಮನೆಯಿಂದ ಹೊರಗೆ ಬರಬಾರದು ಎಂದರು. ಕ್ಷೌರದಂಗಡಿಗಳೂ ಮುಚ್ಚಿದವು. ಗಸ್ತೋನೆ ಹೊಸ ಬಿಳಿ ಬಿಲ್ಲೆಗಳ ಮೇಲೆ ಒಬ್ಬನೇ ಅಡ್ಡಾಡಿದ. ಆ ಮನೆಯಲ್ಲಿ ಈಗ ಅವನಿಗೊಬ್ಬನಿಗೇ ಸರಿಯಾದ ಎತ್ತರವಿತ್ತು. ತೊಲೆಗೆ ಸುತ್ತಿದ್ದ ಕಂಬಳಿ ಅವನ ಕೂದಲಿಗೆ ಸವರುತ್ತಿತ್ತು. ಇನೆಸ್ ಒಳಗೆ ಬಂದರೆ ಎಲ್ಲಿ ನಿಲ್ಲಬಹುದು ಎಂದು ನೋಡುತ್ತ ಹೋದ. ಅಂಥ ಜಾಗ ಎಲ್ಲೂ ಇರಲಿಲ್ಲ. ಅಂಗಡಿಯ ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದು, ಎದ್ದು ಹೋಗಿ ಸುತ್ತಿಗೆ, ಉಳಿ ತಂದ.

ಪ್ರತಿದಿನ ಊಟವಾದ ಮೇಲೆ ಇನೆಸ್‌ಗೆ ಫೋನ್ ಮಾಡುವುದು ರೂಢಿಯಾಗಿತ್ತು.

"ನಿನ್ನೆತ್ತರ ಎಷ್ಟು?" ಎಂದು ಕೇಳಿದ ಆವತ್ತು.



"ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ ಇವತ್ತು ಕೇಳ್ತಿದೀಯ?"

"ಸುಮ್ನೆ ಕೇಳ್ದೆ."

"ಈಗಿಂದು ಹೇಳ್ಲಾ, ಮೊದಲಿಂದಾ? ಈಗ ಬಗ್ಗಿದೀನಲ್ಲ."

"ಮೊದಲಿಂದೇ ಹೇಳು" ಎಂದ ಗಸ್ತೋನೆ.

ಆಕೆ ಹೇಳಿದಳು. ಅವನು ಉದ್ದದ ಕೋಲೊಂದನ್ನು ಅಷ್ಟಕ್ಕೇ ಕತ್ತರಿಸಿದ. ಕೆಳಗಿನ ನೆಲ ಮುಟ್ಟಿದ ಆ ಕೋಲು ತೊಲೆಯಡಿಯಲ್ಲಿ ಆರಾಮಾಗಿ ನಿಲ್ಲಬೇಕು ಎಂಬುದು ಲೆಕ್ಕ.

ಬಿಳಿ ಬಿಲ್ಲೆ ಸಲೀಸಾಗಿ ಎದ್ದಿತು. ಅದರ ಕೆಳಗಿನದು ಅವನದೇ ಕೆಲಸವಾದ್ದರಿಂದ ಅವನಿಗೆ ಶಾಪ ಹಾಕಲು ಬೇರೆ ಯಾರೂ ಸಿಗಲಿಲ್ಲ. ಬೂದು ಬಿಲ್ಲೆಯ ಗಾರೆಯೊಳಗೆ ತನ್ನದೇ ಬೆರಳಿನ ಗುರುತುಗಳು ಸಿಕ್ಕವು. ಆಗ ಬೆರಳು ತೆಳ್ಳಗಿದ್ದವು. ಹಸಿರು ಬಿಲ್ಲೆಯಡಿಯಲ್ಲಿ ಅಪ್ಪನ ಕೈಕೆಲಸ ಬಹಳ ಗಟ್ಟಿಯಾಗಿತ್ತು. ಅಪ್ಪ ಹಟಮಾರಿ. ಮೇಲಿನ ಮನೆಯ ಮುದುಕಿ ಎಲ್ವೀರಾ ಕಿಟಕಿಯಿಂದ ಬಗ್ಗಿ, "ಗಸ್ತೋನೆ, ರೋಗದಲ್ಲಿ ಸಾಯಕ್ಕೆ ಮುಂಚೆ ನಿನ್ನ ಸದ್ದಲ್ಲೇ ಸಾಯ್ಬೇಕಾ ನಾನು?" ಎಂದು ಕೂಗಿದಳು.

"ಇನೆಸ್ ಬರ್ತಾಳೆ" ಎಂದ ಅವನು.

"ಹಂಗಾದ್ರೆ ಬೇಗ ಬೇಗ ಒಡಿ" ಎಂದು ಆಕೆ ಕಿಟಕಿ ಮುಚ್ಚಿದಳು.

ಫೋನಿನಲ್ಲಿ ಇನೆಸ್ ಕೇಳಿದಳು, "ಯಾಕ್ ಹಿಂಗೆ ಏದುಸಿರು ಬಿಡ್ತಿದೀಯ?"

"ಮನೇಲೇ ವ್ಯಾಯಾಮ ಮಾಡಿ ಅಂತ ರೇಡಿಯೋದಲ್ಲಿ ಹೇಳಿದಾರೆ."

ಆಕೆ ನಂಬಿದಳೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಅಜ್ಜನ ಕಾಲದ ಕೆಂಪು ಬಿಲ್ಲೆ ಕಾಣಿಸಿದಾಗ ಕೋಲು ನಿಂತಿತು, ಮೇಲೆ ನಾಲ್ಕು ಬೆರಳು ಜಾಗವೂ ಉಳಿಯಿತು. ಈಗ ಅಂಗಡಿ ಬೀದಿಗಿಂತ ಕೆಳಗಿತ್ತು. ನೀರು ಬಂದರೆ ಮೊದಲು ಇಲ್ಲಿಗೇ. ಗಸ್ತೋನೆ ಒಂದು ದಿನವಿಡೀ ಅದನ್ನು ಯೋಚಿಸಿ, ನೆಲವನ್ನು ನೀರಿಗೆ ಬಿಟ್ಟುಕೊಡುವುದೆಂದು ನಿರ್ಧರಿಸಿದ. ಸಾಮಾನನ್ನು ಮಾತ್ರ ಕೊಡುವುದಿಲ್ಲ. ಕರೆಂಟಿನ ಪ್ಲಗ್ಗುಗಳನ್ನು ಭುಜದೆತ್ತರಕ್ಕೆ ಹಾಕಿಸಿದ. ಫ್ರಿಜ್ಜಿಗೆ ಕಲ್ಲಿನ ಕಟ್ಟೆ ಕಟ್ಟಿದ. ಮಂಚಕ್ಕೆ, ಮೇಜಿಗೆ ದೋಣಿಯ ಹಗ್ಗ ಬಿಗಿದು ತೊಲೆಯ ರಾಟೆಗೆ ಏರಿಸಿದ. ಎಳೆದರೆ ಮೇಲೆ, ಬಿಟ್ಟರೆ ಕೆಳಗೆ. ಹಗ್ಗ ಕಟ್ಟುವ ಕೊಕ್ಕೆಯನ್ನು ಬೇಕೆಂದೇ ತನಗೆ ಎಟುಕದ ಎತ್ತರದಲ್ಲಿ ಹೊಡೆದ.

ಬೇಸಿಗೆಯಲ್ಲಿ ದಾರಿ ತೆರೆದಾಗ ಇನೆಸ್ ಬಂದಳು. ಬಾಗಿಲಲ್ಲಿ ರೂಢಿಯಂತೆ ಕತ್ತು ಬಗ್ಗಿಸಿದಳು. ಒಳಗೆ ಮೂರು ಮೆಟ್ಟಿಲು ಇಳಿದು ನಿಂತಳು. ಮೆಲ್ಲಗೆ, ಯಾರೋ ತಮಾಷೆ ಮಾಡುತ್ತಿದ್ದಾರೆ ಎನ್ನುವಂತೆ, ಕತ್ತೆತ್ತಿದಳು. ಏನೂ ತಾಗಲಿಲ್ಲ. ಅಡುಗೆಮನೆಗೆ ಹೋಗಿ ತೊಲೆಯ ಕಂಬಳಿಯನ್ನು ಮೊಳೆಯ ಸಮೇತ ಕಿತ್ತಳು. ಗಸ್ತೋನೆ ಹಿಂದೆ ನಿಂತಿದ್ದ.

"ಆ ಕೊಕ್ಕೆ ಯಾಕೆ ಅಷ್ಟು ಮೇಲಿದೆ?"

"ನನಗೆ ಎಟುಕಲ್ಲ" ಎಂದ ಅವನು.

ಇನೆಸ್ ಕೈಚಾಚಿ ಕೊಕ್ಕೆಯನ್ನು ಮುಟ್ಟಿ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು ಕಾಫಿಗಿಟ್ಟಳು.

ಅದೇ ಅಕ್ಟೋಬರಿನಲ್ಲಿ ಕಡಲಿನ ಬಾಯಿಯಲ್ಲಿ, ಉಬ್ಬರವನ್ನು ತಡೆಯಲೆಂದು ವರ್ಷಗಟ್ಟಲೆ ಕಟ್ಟುತ್ತಲೇ ಇದ್ದ ಹಳದಿ ಗೇಟುಗಳು ಮೊದಲ ಬಾರಿ ಎದ್ದು ನಿಂತವು. ನೀರು ಬರುತ್ತದೆಂದು ಸೈರನ್ ಕೂಗಿತ್ತು. ಕೇರಿಯವರೆಲ್ಲ ರಬ್ಬರ್ ಬೂಟು ಹಾಕಿ ಕಾಲುವೆಯ ಅಂಚಿನಲ್ಲಿ ನಿಂತು ನೀರು ನೋಡಿದರು. ನೀರು ಏರಲಿಲ್ಲ. ಎಲ್ವೀರಾ ಅತ್ತಳು. ಗಸ್ತೋನೆ ಮಂಚವನ್ನು ಆಗಲೇ ಮೇಲೆಳೆಸಿದ್ದ. ಅವನಿಗೆ ಸಂತೋಷವಾಯಿತು, ಸ್ವಲ್ಪ ಬೇಜಾರೂ ಆಯಿತು.

ಆದರೆ ಸಣ್ಣಪುಟ್ಟ ಉಬ್ಬರಕ್ಕೆಲ್ಲ ಆ ಗೇಟುಗಳು ಏಳುವುದಿಲ್ಲ. ಅಂಥ ದಿನ ಇಡೀ ಬೀದಿ ಒಣಗಿದ್ದರೂ ಗಸ್ತೋನೆಯ ಅಂಗಡಿಯಲ್ಲಿ ಬಿಲ್ಲೆಗಳ ಸಂದಿನಿಂದ ಪಾದ ಮುಳುಗುವಷ್ಟು ನೀರು ಒಸರುತ್ತದೆ. ಇನೆಸ್ ಹಗ್ಗ ಎಳೆದು ಕೊಕ್ಕೆಗೆ ಕಟ್ಟುತ್ತಾಳೆ. ಗಿರಾಕಿಗಳು ಬೂಟಿನಲ್ಲೇ ಕುರ್ಚಿಗೆ ಏರುತ್ತಾರೆ. ಮೊನ್ನೆ ಗಸ್ತೋನೆ ಒಬ್ಬನ ಗಡ್ಡ ಕೆರೆಯುತ್ತಿರುವಾಗ ನೀರು ಬಂತು.

"ಇವತ್ತು ಸೈರನ್ನೇ ಕೂಗ್ಲಿಲ್ವಲ್ಲ" ಎಂದ ಗಸ್ತೋನೆ.

"ನಮ್ಮೊಬ್ಬರ ಮನೆಗೋಸ್ಕರ ಯಾರು ಕೂಗ್ತಾರೆ?" ಎಂದಳು ಇನೆಸ್. ಪೊರಕೆ ಹಿಡಿದು, ನೆಟ್ಟಗೆ ನಿಂತೇ, ಅವನ ಸುತ್ತ ನೀರು ತಳ್ಳತೊಡಗಿದಳು. "ಕಾಲೆತ್ತು."