ಟೀಚರ್ ಅಂಗಳದ ಸುತ್ತುಚಿತ್ರ

ಆ ಚಿತ್ರ ಬಿಡಿಸಿದಾಗ ನಾನು ಗುರುಗ್ರಾಮದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಧಾರವಾಡದಲ್ಲಿ ಚಿತ್ರಕಲೆ ಕಲಿತು ದೆಹಲಿಗೆ ಬಂದಿದ್ದೆ. ಮುನಿರ್ಕಾದಲ್ಲಿ, ಎದುರು ಮನೆಯ ಟಿವಿಯ ಮಾತು ನಮ್ಮ ಕಿಟಕಿಗೆ ಸ್ಪಷ್ಟವಾಗಿ ಕೇಳುವಂಥ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ನನ್ನನ್ನು ಕೆಲಸಕ್ಕೆ ಆರಿಸಿದವಳು ಸ್ಟುಡಿಯೋದ ಆರ್ಟ್ ಡೈರೆಕ್ಟರ್. ದಾವಣಗೆರೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಸಂದರ್ಶನ ಮುಗಿಯುತ್ತಿದ್ದಂತೆ ಇಂಗ್ಲಿಷ್ ಬಿಟ್ಟು, "ಊರು ಯಾವುದಮ್ಮ?" ಅಂದಳು. ಗದಗ ಅಂದೆ. ಅವತ್ತಿನಿಂದ ಅವಳು ನನಗೆ ಅಕ್ಕ.

ನಮ್ಮದು ಸುತ್ತುಚಿತ್ರ ಮಾಡುವ ಕೆಲಸ. ಆಫೀಸಿನಲ್ಲಿ ಎಲ್ಲರೂ ಪನೋರಮಾ ಅನ್ನುತ್ತಿದ್ದರು. ನಾನೂ ಅಕ್ಕನೂ ಮಾತ್ರ ಹೀಗೆ ಕರೆಯುತ್ತಿದ್ದೆವು. ಕಣ್ಣಿಗೆ ದಪ್ಪ ಕನ್ನಡಕದಂಥ ಹೆಡ್‌ಸೆಟ್ ಹಾಕಿಕೊಂಡವರು ಎತ್ತ ತಿರುಗಿದರೂ ಆ ಜಾಗದೊಳಗೇ ನಿಂತಿದ್ದೇವೆ ಅನ್ನಿಸಬೇಕು. ಮೊದಲು ಗೋಡೆ, ಮೆಟ್ಟಿಲು, ಮರಗಳನ್ನು ಕಂಪ್ಯೂಟರಿನಲ್ಲಿ ಬೂದು ಬಣ್ಣದ ಡಬ್ಬಿಗಳ ಹಾಗೆ ಕಟ್ಟಿಕೊಳ್ಳುತ್ತೇವೆ. ಅದರ ನಡುವೆ ನಿಂತರೆ ಸುತ್ತಲೂ ಏನು ಕಾಣುತ್ತದೋ ಅಷ್ಟನ್ನೂ ಒಂದು ಉದ್ದ ಹಾಳೆಯ ಮೇಲೆ ಹರವುತ್ತೇವೆ. ಆಮೇಲೆ ಅದರ ಮೇಲೆ ಬಣ್ಣ. ಹಾಗೆ ಹರವಿದಾಗ ನೇರ ಗೆರೆ ನೇರವಾಗಿ ಉಳಿಯುವುದಿಲ್ಲ. ತಾರಸಿಯ ಅಂಚು ಬಾಗುತ್ತದೆ, ಕಾಲಬುಡದ ನೆಲ ಹಾಳೆಯಗಲಕ್ಕೂ ಹಿಗ್ಗುತ್ತದೆ. ಮೊದಲ ತಿಂಗಳು ನಾನು ಬಿಡಿಸಿದ ಇಟ್ಟಿಗೆಗಳೆಲ್ಲ ಹೆಡ್‌ಸೆಟ್ಟಿನಲ್ಲಿ ಸೊಟ್ಟಗೆ ಕಂಡವು. ಅತ್ತುಬಿಡುವಂತಾಗಿತ್ತು. ಅಕ್ಕ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಗೆರೆ ನೋಡ್ಕೊಂಡು ಬಿಡಿಸಬೇಡ. ನೀನು ಅಲ್ಲಿ ನಿಂತಿದ್ದೀಯ ಅಂದ್ಕೊಂಡು ಬಿಡಿಸು," ಅಂದಳು. ಸಂಜೆ ಆರಾದರೂ ಎದ್ದು ಹೋಗಲಿಲ್ಲ. ಇವತ್ತು ನನಗೆ ಗೊತ್ತಿರುವ ಕೆಲಸದಲ್ಲಿ ಮುಕ್ಕಾಲು ಭಾಗ ಅವಳು ಕಲಿಸಿದ್ದು. ಮುಂದೆ ಹೇಳುವುದರಿಂದ ಈ ಮಾತೇನೂ ಸುಳ್ಳಾಗುವುದಿಲ್ಲ.

ಎರಡನೇ ವರ್ಷ, ದೀಪಾವಳಿ ಕಳೆದ ಮೇಲೆ, ಅಕ್ಕ ಹೊಸ ಕೆಲಸ ಕೊಟ್ಟಳು. ದಕ್ಷಿಣ ದೆಹಲಿಯಲ್ಲಿ ಮೂರು ಮಹಡಿಯ ಹಳೆಯ ಫ್ಲ್ಯಾಟುಗಳ ಒಂದು ಕಾಲೋನಿ. "ಇಂಥ ಜಾಗಗಳ ನೆನಪು ಉಳಿಸಿಡೋ ಪ್ರಾಜೆಕ್ಟ್ ಇದು. ಅಲ್ಲಿ ನಮ್ಮ ಕಡೆಯ ಒಬ್ಬರು ಟೀಚರ್ ಇದ್ದಾರೆ. ಅವರ ಮನೆ ಅಂಗಳದಿಂದಲೇ ಶುರು ಮಾಡು. ಅವರ ಮಾತನ್ನೂ ರೆಕಾರ್ಡ್ ಮಾಡ್ಕೋ," ಅಂದಳು.

ಟೀಚರ್ ಹಾಸನದವರು. ನಲವತ್ತು ವರ್ಷದ ಹಿಂದೆ ಮದುವೆಯಾಗಿ ಬಂದು, ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಎರಡನೇ ಮಹಡಿಯಲ್ಲಿ ಒಬ್ಬರೇ. ಬಾಗಿಲು ತೆರೆದು, "ಕ್ಯಾ ಚಾಹಿಯೇ?" ಏನು ಬೇಕು ಎಂದು ಹಿಂದಿಯಲ್ಲಿ ಗದರಿದವರು, ನಾನು ಕನ್ನಡದಲ್ಲಿ ನಮಸ್ಕಾರ ಅಂದ ಕೂಡಲೇ ಕನ್ನಡಕ ಮೇಲೇರಿಸಿ ನೋಡಿದರು.

"ಮೊದಲೇ ಹೇಳೋದಲ್ವಾ? ಬಾ ಒಳಗೆ. ಚಪ್ಪಲಿ ಅಲ್ಲೇ ಬಿಡು, ಕೋತಿ ಎತ್ಕೊಂಡ್ ಹೋದ್ರೆ ನಾನು ಜವಾಬ್ದಾರಳಲ್ಲ."

ಎಂಟು ಸಲ ಹೋಗಿರಬೇಕು. ಅಂಗಳದ ನಡುವೆ ನಿಂತು ಎಲ್ಲ ಅಳೆದುಕೊಂಡೆ: ಸಿಮೆಂಟಿನ ಬೆಂಚು, ಕಿಟಕಿಗಳಿಂದ ಹೊರಚಾಚಿದ ಕೂಲರುಗಳು, ಟೀಚರ್ ಬಾಲ್ಕನಿಯಲ್ಲಿ ಪೇಂಟ್ ಡಬ್ಬಿಯೊಳಗೆ ಬೆಳೆದ ದೊಡ್ಡಪತ್ರೆ, ನಡುವೆ ಒಂದು ಭಾರಿ ಬೂರುಗದ ಮರ. ಅದರ ಕೆಳಗೆ ಇಸ್ತ್ರಿ ಹಾಕುವ ದಂಪತಿಯ ಮೇಜು. ಚಳಿಗೆ ಮರದ ಎಲೆ ಉದುರುತ್ತಿತ್ತು. ಟೀಚರಿಗೆ ಅದು ಸರಿಬರಲಿಲ್ಲ.

"ಬೋಳು ಮರ ಬಿಡಿಸ್ತೀಯಾ? ಫೆಬ್ರವರಿಯಲ್ಲಿ ನೋಡಬೇಕು ಅದನ್ನ. ಹೂವು ಇರೋ ಹಾಗೇ ಬಿಡಿಸು."

"ನಾನು ಹೂವು ನೋಡೇ ಇಲ್ವಲ್ಲ ಟೀಚರ್."

ತಮ್ಮ ಫೋನಿನಲ್ಲಿ ಹಳೆಯ ಫೋಟೋ ಹುಡುಕಿ ತೋರಿಸಿದರು. ಅಂಗೈಯಗಲದ ಕೆಂಪು ಹೂಗಳು. ಬಿದ್ದ ಹೂವಿನಿಂದ ಕೆಳಗಿನ ಕಾರುಗಳ ಛಾವಣಿಯೂ ಕೆಂಪು. ಮೂರು ವಾರ ಆ ಮರವೊಂದನ್ನೇ ಬಿಡಿಸಿದೆ. ಕೊಂಬೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಂಡು, ಹೂಗಳನ್ನು ಒಂದೊಂದಾಗಿ ಕೈಯಲ್ಲೇ ಹಚ್ಚಿದೆ. ತಲೆಯೆತ್ತಿ ನೋಡಿದರೆ ಹೂವಿನ ನಡುವೆ ಚೂರುಚೂರು ಆಕಾಶ ಕಾಣಬೇಕಿತ್ತು. ಕಂಡಿತು. ಅಕ್ಕ ಹೆಡ್‌ಸೆಟ್ ಹಾಕಿ ಬಹಳ ಹೊತ್ತು ಮೇಲೆ ನೋಡಿ, ನನ್ನ ಬೆನ್ನು ತಟ್ಟಿದಳು.

ಟೀಚರ್ ಮಾತುಗಳೂ ರೆಕಾರ್ಡಾಗಿದ್ದವು. ಒಂದು ದಿನ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಾ, ಕೆಳಗಿನ ಮನೆಯವರಿಗೆ ಹಿಂದಿಯಲ್ಲಿ, ಅಯ್ಯೋ ಈ ಮೆಟ್ಟಿಲು ಈಗ ನನ್ನ ಕೈಲಾಗುವುದಿಲ್ಲ ಅಂದರು. ಉಸಿರು ತೆಗೆದುಕೊಂಡು, ನಗುತ್ತಾ ಮುಂದುವರಿಸಿದರು: ಆದರೇನು, ಒಂದೊಂದು ಮಹಡಿಯಲ್ಲೂ ಯಾರಾದರೂ ಕರೆದು ಕೂರಿಸುತ್ತಾರೆ, ಮನೆ ಮುಟ್ಟುವಷ್ಟರಲ್ಲಿ ಎರಡು ಚಹಾ ಆಗಿರುತ್ತದೆ. ಎಲ್ಲವನ್ನೂ ಆಫೀಸಿನ ಫೋಲ್ಡರಿಗೆ ಹಾಕಿದೆ.

ಜನವರಿಯಲ್ಲಿ ಅಕ್ಕ ಹೇಳಿದಳು, ಭಾನುವಾರ ಮಧ್ಯಾಹ್ನ ಕಾಲೋನಿಯ ಸಭಾಂಗಣದಲ್ಲಿ ಅಲ್ಲಿಯವರಿಗೇ ಮೊದಲು ತೋರಿಸುತ್ತೇವೆ ಎಂದು. "ಟೀಚರನ್ನ ನೀನೇ ಕರ್ಕೊಂಡು ಬಾ. ಮೊದಲು ಅವರೇ ನೋಡಲಿ."

ಟೀಚರ್ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಸಮೋಸ, ಚಹಾ. ಮುಂದಿನ ಸಾಲಿನಲ್ಲಿ ಕೋಟು ಹಾಕಿದ, ನನಗೆ ಗುರುತಿಲ್ಲದ ಮೂವರು. ಹೆಡ್‌ಸೆಟ್ಟಿನಲ್ಲಿ ಕಾಣುವುದು ಎಲ್ಲರಿಗೂ ಕಾಣಲೆಂದು ದೊಡ್ಡ ಟಿವಿ ಇಟ್ಟಿದ್ದರು. ನಾನೇ ಟೀಚರ್ ಕನ್ನಡಕ ತೆಗೆದಿಟ್ಟುಕೊಂಡು, ಹೆಡ್‌ಸೆಟ್ ಹಾಕಿ, ಪಟ್ಟಿ ಬಿಗಿಮಾಡಿದೆ.

"ಅಯ್ಯೋ, ನನ್ನ ದೊಡ್ಡಪತ್ರೆ!" ಅಂದರು. ಕೈ ಚಾಚಿದರು. ಜನ ನಕ್ಕರು. ತಲೆಯೆತ್ತಿದಾಗ ಟಿವಿಯ ತುಂಬ ಕೆಂಪು ಹೂ. "ನೋಡು, ನೋಡು, ಬಂತು ಹೂವು," ಎಂದು ನನ್ನ ಕೈ ಹಿಡಿದು ಅದುಮಿದರು.

ಅಷ್ಟರಲ್ಲಿ ಸ್ಪೀಕರಿನಿಂದ ಅವರದೇ ದನಿ ಕೇಳಿತು. ಈ ಮೆಟ್ಟಿಲು ಈಗ ನನ್ನ ಕೈಲಾಗುವುದಿಲ್ಲ. ಅಷ್ಟೇ. ಮುಂದಿನದು ಇರಲಿಲ್ಲ. ಟಿವಿಯಲ್ಲಿ ಮರ ಮಂಜಿನಂತೆ ಕರಗಿತು. ಬೆಂಚು ಹೋಯಿತು, ಬಾಲ್ಕನಿ ಹೋಯಿತು. ನಾನು ಬಿಡಿಸದ ಗಾಜಿನ ಗೋಪುರಗಳು ನಾಲ್ಕೂ ಕಡೆ ಎದ್ದು ನಿಂತವು, ಲಿಫ್ಟಿನ ಬಾಗಿಲು ತೆರೆದುಕೊಂಡಿತು, ಒಬ್ಬಳ ಇಂಪಾದ ದನಿ ಹೊಸ ಬದುಕಿಗೆ ಸ್ವಾಗತ ಅಂದಿತು.

ಕೋಟಿನವರು ಬಿಲ್ಡರ್ ಕಡೆಯವರು. ಕಾಲೋನಿ ಕೆಡವಿ ಕಟ್ಟಲು ಮನೆಯವರೆಲ್ಲರ ಸಹಿ ಬೇಕಿತ್ತು. ಬೇಡವೆಂದು ಹಟ ಹಿಡಿದಿದ್ದ ಒಂಬತ್ತು ಮನೆಗಳಿಗೆ ಟೀಚರದೇ ಮುಂದಾಳತ್ವ. ಇದೆಲ್ಲ ಆ ಹತ್ತು ನಿಮಿಷದಲ್ಲಿ, ಅಕ್ಕಪಕ್ಕದವರ ಮಾತಿನಿಂದ ನನಗೆ ಗೊತ್ತಾಯಿತು. ಟೀಚರ್ ಆ ವಿಷಯ ನನ್ನ ಬಳಿ ಎತ್ತಿರಲಿಲ್ಲ. ಮಗು ಚಿತ್ರ ಬಿಡಿಸೋಕೆ ಬಂದಿದೆ, ಅದರ ಹತ್ತಿರ ಜಗಳದ ಮಾತು ಯಾಕೆ ಅಂದುಕೊಂಡಿದ್ದರಂತೆ.

ಅವರು ತಾವೇ ಹೆಡ್‌ಸೆಟ್ ಕಳಚಿದರು. ಕೂದಲು ಕೆದರಿತ್ತು. ನನ್ನ ಕೈಯಿಂದ ಕನ್ನಡಕ ತೆಗೆದುಕೊಂಡು ಹಾಕಿಕೊಂಡರು.

"ಟೀಚರ್, ನಂಗೆ ಗೊತ್ತಿರಲಿಲ್ಲ—"

"ಆಪ್ ಜಾಯಿಯೇ," ಅಂದರು. ನೀವು ಹೋಗಿ. ಮೊದಲ ದಿನ ಬಾಗಿಲಲ್ಲಿ ಗದರಿದ್ದು ಬಿಟ್ಟರೆ, ಎಂಟು ಭೇಟಿಯಲ್ಲಿ ಒಂದು ಸಲವೂ ನನ್ನೊಂದಿಗೆ ಹಿಂದಿ ಆಡದವರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಅಕ್ಕನ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

"ನಿಂಗೆ ಮೊದಲಿಂದಲೂ ಗೊತ್ತಿತ್ತಾ?"

ಅವಳು ಸುಳ್ಳು ಹೇಳಲಿಲ್ಲ. "ಗೊತ್ತಿತ್ತು."

"ಮತ್ತೆ ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಆ ಮರ ಹಾಗೆ ಬಿಡಿಸ್ತಿರಲಿಲ್ಲ."

ತಾನೇ ಮುಂದುವರಿಸಿದಳು. "ಆಯಮ್ಮ ಯಾರನ್ನೂ ಮನೆಯೊಳಗೆ ಬಿಟ್ಕೊಳ್ತಿರಲಿಲ್ಲ ಕಣೇ. ಕನ್ನಡದವರು ಹೋದ್ರೆ ಮಾತಾಡ್ತಾರೆ ಅಂತ ಕ್ಲೈಂಟಿಗೆ ನಾನೇ ಹೇಳಿದೆ. ಇದು ಕೆಲಸ. ಮನಸ್ಸಿಗೆ ಹಚ್ಕೋಬೇಡ."

ನಾನು ಒಳ್ಳೆಯ ಕಲಾವಿದೆ ಎಂದೇ ಈ ಕೆಲಸ ನನಗೆ ಬಂತು ಅಂದುಕೊಂಡಿದ್ದೆ. ನನ್ನ ಕೈಗಿಂತ ನಾಲಿಗೆ ಬೇಕಾಗಿತ್ತು ಅವಳಿಗೆ. ಮನೆಯಲ್ಲಿ ಅಮ್ಮನೊಂದಿಗೆ ಆಡುವ ಮಾತನ್ನೇ ಬೀಗದ ಕೈ ಮಾಡಿ ಒಬ್ಬರ ಮನೆ ಬಾಗಿಲು ತೆಗೆಸಿದ್ದಳು, ಅದೂ ನನ್ನಿಂದಲೇ. ಆ ದನಿಯನ್ನಾದರೂ ತೆಗೆದುಹಾಕು ಅಂದೆ. ಅದು ಈಗ ಕ್ಲೈಂಟಿನ ಸ್ವತ್ತು ಅಂದಳು. ಆ ವಾರವೇ ರಾಜೀನಾಮೆ ಕೊಟ್ಟೆ.

ಹೊರಡುವ ಮುಂಚೆ ಮೆಟ್ಟಿಲಿನ ಮಾತಿನ ಪೂರ್ತಿ ರೆಕಾರ್ಡಿಂಗನ್ನೂ ಅಂಗಳದ ಚಿತ್ರವನ್ನೂ ಫೋನಿಗೆ ಹಾಕಿಕೊಂಡೆ. ಹಾಗೆ ಮಾಡಬಾರದಿತ್ತು, ಮಾಡಿದೆ. ಟೀಚರ್ ಮನೆಗೆ ಹೋದಾಗ ಬಾಗಿಲು ಅರ್ಧ ತೆರೆದರು. ನಾನು ಆ ರೆಕಾರ್ಡಿಂಗ್ ಕೇಳಿಸಿದೆ. ನಗು, ಎರಡು ಚಹಾ, ಎಲ್ಲ. ಕೇಳಿ ಮುಗಿಸಿ, "ಇದನ್ನ ಎಲ್ಲರ ಮುಂದೆ ಕೇಳಿಸ್ತೀಯಾ?" ಅಂದರು. ಒಳಗೆ ಬಾ ಅನ್ನಲಿಲ್ಲ.

ಕಾಲೋನಿಯವರ ಮುಂದಿನ ಸಭೆಯಲ್ಲಿ ಕೇಳಿಸಿದೆ. ನಾನು ಯಾರು, ಏನು ಮಾಡಿದೆ, ಹೇಗೆ ಮೋಸಹೋದೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಕೆಲವರು ಬಿಲ್ಡರಿಗೆ ಬೈದರು. ಹಿಂದಿನ ಸಾಲಿನ ಹೆಂಗಸೊಬ್ಬರು ಎದ್ದು, ಮೋಸ ಮೋಸವೇ ಸರಿ, ಆದರೆ ಮೂರನೇ ಮಹಡಿಯಿಂದ ನನ್ನ ಗಂಡನನ್ನು ಆಸ್ಪತ್ರೆಗೆ ಒಯ್ಯಲು ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಹೊರಬೇಕು, ನನಗೆ ಲಿಫ್ಟ್ ಬೇಕೇ ಬೇಕು, ಅಂದರು. ಅವರು ಟೀಚರ್ ಮನೆಯ ಮೇಲಿನವರೇ.

ಮಳೆಗಾಲಕ್ಕೆ ಮುಂಚೆ ಟೀಚರ್ ಸಹಿ ಹಾಕಿದರೆಂದು ಇಸ್ತ್ರಿ ಭಯ್ಯಾನಿಂದ ತಿಳಿಯಿತು. ಫೋನು ಮಾಡಿದೆ.

"ಅವಳ ಗಂಡನಿಗೋಸ್ಕರ ಹಾಕಿದೆ. ನಿನ್ನ ಸಿನಿಮಾ ನೋಡಿ ಅಲ್ಲ," ಅಂದರು. ಗೋಪುರಗಳಿಲ್ಲದ ಬರೀ ಅಂಗಳದ ಚಿತ್ರ ಕಳಿಸಲೇ ಎಂದು ಕೇಳಿದೆ. "ಬೇಡ. ನಾನಿನ್ನೂ ಇಲ್ಲೇ ಇದ್ದೀನಲ್ಲ, ಕಿಟಕಿ ತೆಗೆದ್ರೆ ಕಾಣುತ್ತೆ." ಆಮೇಲೆ, ನನಗೆ ಬೇರೆ ಕೆಲಸ ಸಿಕ್ಕಿತೇ ಎಂದು ಕೇಳಿದರು. ಸಿಕ್ಕಿತ್ತು. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ನಾನು ಕೇಳಲಿಲ್ಲ. ಕಾಲೋನಿ ಕೆಡವಲೆಂದು ಮನೆ ಖಾಲಿ ಮಾಡಿ ಅವರು ದೆಹಲಿಯ ದ್ವಾರಕಾದ ಬಾಡಿಗೆ ಮನೆಗೆ ಹೋದ ಮೇಲೆ ಫೋನೂ ಬರಲಿಲ್ಲ.

ಅಕ್ಕನನ್ನು ಮತ್ತೆ ಕಂಡದ್ದು ಒಮ್ಮೆ ಮಾತ್ರ, ಹೌಜ್ ಖಾಸ್ ಮೆಟ್ರೋ ನಿಲ್ದಾಣದಲ್ಲಿ. ನಾನು ಗಾಡಿ ಬದಲಿಸಲು ಎಸ್ಕಲೇಟರಿನಲ್ಲಿ ಇಳಿಯುತ್ತಿದ್ದೆ, ಅವಳು ಪಕ್ಕದ್ದರಲ್ಲಿ ಹತ್ತುತ್ತಿದ್ದಳು. ತಪ್ಪಿಸಿಕೊಳ್ಳುವಂತಿರಲಿಲ್ಲ. ಅವಳ ಮುಖ ಒಂದು ಕ್ಷಣ ಅರಳಿತು, ನಡೆದದ್ದನ್ನೆಲ್ಲ ಮರೆತವರ ಹಾಗೆ.

"ಊಟ ಆಯ್ತಾ?" ಅಂದಳು.

"ಆಯ್ತು," ಅಂದೆ. ಆಗಿರಲಿಲ್ಲ. ಅವಳು ಇನ್ನೇನೋ ಹೇಳಲು ತಿರುಗಿದಳು. ಅಷ್ಟರಲ್ಲಿ ನಾನು ಕೆಳಗೆ ತಲುಪಿದ್ದೆ, ಗಾಡಿಯೂ ಬಂದಿತ್ತು.