ಹೊರಡುವವರ ಸುಂಕ

ಕೌಂಟರಿನ ಗಾಜಿನ ಹಿಂದೆ ಇದ್ದ ಫಲಕ ಹಳೆಯದು. ಮೊತ್ತ ಬರೆದಿದ್ದ ಜಾಗಕ್ಕೆ ಮಾತ್ರ ಬಿಳಿ ಕಾಗದದ ಚೂರೊಂದನ್ನು ಅಂಟಿಸಿ, ಕಪ್ಪು ಶಾಯಿಯಲ್ಲಿ ಹೊಸ ಮೊತ್ತ ಬರೆದಿದ್ದರು. ಕಾಗದದ ಒಂದು ಮೂಲೆ ಬಿಟ್ಟುಕೊಂಡಿತ್ತು. ಫ್ಯಾನಿನ ಗಾಳಿಗೆ ಅದು ಎದ್ದಾಗಲೆಲ್ಲ ಕೆಳಗಿನ ಹಳೆಯ ಅಂಕಿ ಕಾಣುತ್ತಿತ್ತು. ನಾವು ಇಬ್ಬರಿಗೆಂದು ಉಳಿಸಿಕೊಂಡು ಬಂದದ್ದು ಆ ಹಳೆಯ ಅಂಕಿಯ ಪ್ರಕಾರ. ಹೊಸ ಅಂಕಿಗೆ ಅದು ಒಬ್ಬರಿಗೆ ಮಾತ್ರ ಸಾಕಾಗುತ್ತಿತ್ತು.

ಇದು ಹೋದ ವರ್ಷದ ಮಾತು. ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದ ವಿಮಾನ ನಿಲ್ದಾಣದಲ್ಲಿ ನಾನೂ ನನ್ನ ಅಕ್ಕನೂ ನಿಂತಿದ್ದೆವು. ಅಕ್ಕನ ತೋಟ ಇರುವುದು ಹೊನ್ನವಳ್ಳಿಯ ಹತ್ತಿರ. ಅಲ್ಲಿಯ ಹೆಂಗಸರ ಸಂಘಕ್ಕೆ ಆ ದ್ವೀಪದ ತೆಂಗು ಬೆಳೆಯುವ ಹೆಂಗಸರಿಂದ ಒಂದು ಕರೆ ಬಂದಿತ್ತು. ನಮ್ಮಲ್ಲಿ ಕಾಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹನ್ನೊಂದು ತಿಂಗಳು ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತೇವಲ್ಲ, ಅದನ್ನು ತೋರಿಸಿಕೊಡಲು ಯಾರಾದರೂ ಬರಬೇಕು, ಟಿಕೆಟ್ ನಮ್ಮದು ಎಂದಿದ್ದರು. ಸಂಘದವರು ಅಕ್ಕನನ್ನು ಆರಿಸಿದರು. ಅವಳಿಗೆ ಇಂಗ್ಲಿಷ್ ಬಾರದು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು ಜೊತೆಗೆ ಹೊರಟೆ.

ಹೊರಡುವಾಗಲೇ ಒಂದು ಏಟು ಬಿತ್ತು. ಒಣ ಕೊಬ್ಬರಿಗೆ ಬೇಗ ಬೆಂಕಿ ಹತ್ತುತ್ತದೆ, ವಿಮಾನದಲ್ಲಿ ಒಯ್ಯುವ ಹಾಗಿಲ್ಲ ಎಂದು ಬೆಂಗಳೂರಿನ ತಪಾಸಣೆಯಲ್ಲಿ ಅಕ್ಕನ ಚೀಲದಿಂದ ಉಂಡೆಗಳನ್ನೆಲ್ಲ ತೆಗೆದಿಟ್ಟುಕೊಂಡರು.

"ಕೊಬ್ರಿ ತೋರ್ಸಕ್ಕೆ ಹೋಗೋರತ್ರ ಕೊಬ್ರಿನೇ ಕಿತ್ಕಂಡ್ರಲ್ಲೇ" ಎಂದು ಅಕ್ಕ ವಿಮಾನ ಏರುವವರೆಗೂ ಹೇಳುತ್ತಲೇ ಇದ್ದಳು. "ಇನ್ ನಾನ್ ಅಲ್ಲೋಗಿ ಏನ್ ತೋರ್ಸಲಿ, ಮೂತೀನ?"

ದ್ವೀಪಕ್ಕೆ ಇಳಿದ ಕೂಡಲೇ ಒಳಗೆ ಬರುವ ಶುಲ್ಕ ಕೊಟ್ಟೆವು. ಉಳಿದುಕೊಂಡ ಮನೆಯಲ್ಲಿ ದಿನದ ಬಾಡಿಗೆಯ ಜೊತೆಗೆ ಪ್ರವಾಸಿಗರ ತೆರಿಗೆ ಬೇರೆ. ಹೊರಡುವಾಗ ಇನ್ನೊಂದು ಇದೆ, ಅದು ಟಿಕೆಟ್ಟಿನಲ್ಲಿ ಸೇರಿಲ್ಲ, ನಿಲ್ದಾಣದಲ್ಲೇ ಕೈಯಲ್ಲಿ ಕೊಡಬೇಕು ಎಂದು ಮನೆಯೊಡತಿ ಮೊದಲ ದಿನವೇ ಎಚ್ಚರಿಸಿ ಮೊತ್ತವನ್ನೂ ಹೇಳಿದ್ದರು. ಅಕ್ಕನ ವಯಸ್ಸಿನವರೇ, ದಪ್ಪ ಕನ್ನಡಕದ, ನಿಧಾನದ ಹೆಂಗಸು. ಅವರು ಹೇಳಿದ್ದನ್ನು ಅಕ್ಕನಿಗೆ ಹೇಳಿದೆ.

"ಸಂತೆಗೆ ಬರೋರತ್ರ ಸುಂಕ ಇಸ್ಕಂಡ್ರೆ ಸರಿ ಕಣೇ. ಮಾಯಸಂದ್ರದಾಗೂ ಇಸ್ಕತಾರೆ" ಎಂದಳು. "ಸಂತೆ ಮುಗ್ಸಿ ಮನೀಗೆ ಹೋಗೋರತ್ರ ಇಸ್ಕಳಾದು ಎಲ್ಲಾರ ಕಂಡಿದೀಯ? ಕೇಳು ಆಯಮ್ಮನ್ನ."

ಕೇಳಿದೆ. ಅವರು ನಕ್ಕು, ಚಂಡಮಾರುತವೊಂದು ನಿಲ್ದಾಣದ ಚಾವಣಿಯನ್ನು ಹೊತ್ತುಕೊಂಡು ಹೋದ ಕತೆ ಹೇಳಿದರು. "ಹೊಸ ಚಾವಣಿ ಆಗಬೇಕು. ನಮ್ಮ ಹತ್ತಿರ ದುಡ್ಡಿಲ್ಲ, ಬಂದು ಹೋಗುವವರ ಹತ್ತಿರ ಇದೆ. ಅದು ಸರಿಯೇ. ಆದರೆ ಸರ್ಕಾರದವರು ಅಲ್ಲಿ ಶುಲ್ಕ ಏರಿಸಿದಾಗಲೆಲ್ಲ ಇಲ್ಲಿ ನನ್ನದೊಂದು ಕೋಣೆ ಖಾಲಿ ಬೀಳುತ್ತದೆ. ಜನ ಪಕ್ಕದ ದ್ವೀಪಕ್ಕೆ ಹೋಗುತ್ತಾರೆ." ಮೇಲಿನ ಎರಡು ಕೋಣೆಗಳ ಕಿಟಕಿ ಮುಚ್ಚಿಯೇ ಇದ್ದದ್ದನ್ನು ನಾನು ಆಮೇಲೆ ಗಮನಿಸಿದೆ.

ಆ ವಾರ ಚೆನ್ನಾಗಿಯೇ ನಡೆಯಿತು. ಕೊಬ್ಬರಿ ಇಲ್ಲದಿದ್ದರೂ ಅಕ್ಕ ಅಲ್ಲಿಯ ಕಾಯಿಗಳನ್ನೇ ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಅಟ್ಟಕ್ಕೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತೋರಿಸಿದಳು. ಅವಳು ಹೇಳಿದ್ದನ್ನು ಬಿಡದೆ, ಸೇರಿಸದೆ ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೆಲಸ. ಅವಳ ಬೈಗುಳವನ್ನೂ ಹಾಗೆಯೇ ಹೇಳುತ್ತಿದ್ದೆ. ಅದೇ ಅಭ್ಯಾಸವಾಗಿಹೋಯಿತು.

ಕೊನೆಯ ದಿನ ಸಂಜೆ ಮನೆಯೊಡತಿಯ ಫೋನಿಗೆ ನಮ್ಮವರ ಕರೆ ಬಂತು. ಅಕ್ಕನ ಒಬ್ಬಳೇ ಮಗಳನ್ನು ಕೊಟ್ಟಿರುವುದು ತುರುವೇಕೆರೆಗೆ. ಮದುವೆಯಾಗಿ ಹತ್ತು ವರ್ಷಕ್ಕೆ ನಿಂತ ಬಸಿರು. ದಿನ ತುಂಬಲು ಇನ್ನೂ ತಿಂಗಳಿದೆ, ಹೋಗಿ ಬಾ ಎಂದು ಅವಳೇ ತಾಯಿಯನ್ನು ಕಳಿಸಿದ್ದಳು. ಈಗ ರಕ್ತದೊತ್ತಡ ಏರಿ ತಿಪಟೂರಿನ ಆಸ್ಪತ್ರೆಗೆ ಸೇರಿಸಿದ್ದರು. ಶುಕ್ರವಾರ ಬೆಳಿಗ್ಗೆ ಆಪರೇಷನ್, ಅದಕ್ಕಿಂತ ಹೆಚ್ಚು ಕಾಯಲು ಆಗದು ಎಂದು ಡಾಕ್ಟರು ಹೇಳಿದ್ದರಂತೆ. ಮಗಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅವ್ವ, ನೀ ಬಂದ್ಬುಡವ್ವ."

ಮರುದಿನದ ವಿಮಾನ ಹತ್ತಿದರೆ ಗುರುವಾರ ರಾತ್ರಿಗೆ ತಿಪಟೂರು. ಅದು ತಪ್ಪಿದರೆ ದ್ವೀಪದಿಂದ ಮುಂದಿನ ವಿಮಾನ ಶನಿವಾರ.

ಬೆಳಿಗ್ಗೆ ಮನೆ ಬಿಡುವಾಗ ಅಕ್ಕ ಬಾಗಿಲಲ್ಲಿ ನಿಂತಳು. ಉಂಡ ಮನೆಯಿಂದ ಹೊರಡುವಾಗ ಆ ಮನೆಯ ಮಗುವಿನ ಕೈಗೆ ಏನಾದರೂ ಇಡದೆ ನಮ್ಮಲ್ಲಿ ಯಾರೂ ಹೊಸಿಲು ದಾಟುವುದಿಲ್ಲ. ಮನೆಯೊಡತಿಯ ಮೊಮ್ಮಗಳು ಅಲ್ಲೇ ಆಡುತ್ತಿದ್ದಳು. ನಾನು ನಿಲ್ದಾಣದ ಶುಲ್ಕವನ್ನು ತೆಗೆದಿಟ್ಟು ಉಳಿದದ್ದನ್ನು ಅಕ್ಕನಿಗೆ ಕೊಟ್ಟೆ. ಅವಳು ಅದನ್ನು ಮಗುವಿನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಮನೆಯೊಡತಿ ಬೇಡವೆಂದರು, ಅಕ್ಕ ಕೇಳಲಿಲ್ಲ. ಹೇಗೂ ಬೆಂಗಳೂರಿಗೆ ಹೋದ ಮೇಲೆ ಆ ನೋಟುಗಳಿಂದ ಏನು ಪ್ರಯೋಜನ ಎಂದು ನನಗೂ ಅನ್ನಿಸಿತ್ತು.

ಹಾಗೆ ಬಂದು ಆ ಫಲಕದ ಮುಂದೆ ನಿಂತಿದ್ದೆವು.

ಕೌಂಟರಿನಲ್ಲಿ ಇದ್ದವರು ಒಬ್ಬ ಅಧಿಕಾರಿಣಿ. ಈ ತಿಂಗಳಿಂದ ಏರಿದೆ ಎಂದರು. ನಾನು ಕಾರ್ಡು ಕೊಟ್ಟೆ. ಯಂತ್ರ ಅದನ್ನು ಒಪ್ಪಲಿಲ್ಲ. ಹೊರದೇಶದಲ್ಲಿ ಬಳಸಲು ಅದಕ್ಕೆ ಮೊದಲೇ ಅನುಮತಿ ಕೊಟ್ಟಿರಬೇಕು. ಈಗ ಕೊಡೋಣವೆಂದರೆ ಒಟಿಪಿ ಬರುವುದು ನನ್ನ ಊರಿನ ಸಿಮ್ಮಿಗೆ, ಅದು ಅಲ್ಲಿ ಸತ್ತು ಬಿದ್ದಿತ್ತು. ಇನ್ನೊಮ್ಮೆ ಉಜ್ಜಿದರು. ಅದೇ ಉತ್ತರ. ಹಿಂದಿನ ಸಾಲು ಉದ್ದವಾಗುತ್ತಿತ್ತು. ಗಾಜಿನ ಆಚೆ ನಮ್ಮ ವಿಮಾನ ಕಾಣುತ್ತಿತ್ತು, ನಮ್ಮೂರಿನ ಬಸ್ಸಿಗಿಂತ ಸ್ವಲ್ಪ ದೊಡ್ಡದು.

"ಅಕ್ಕ, ನೀನು ಹೋಗು. ಒಬ್ಬರಿಗೆ ಸಾಕಾಗುತ್ತೆ" ಎಂದೆ.

"ಯಾರು, ನಾನ?"

"ಹೂಂ. ನಾನು ಶನಿವಾರ ಬರ್ತೀನಿ."

"ಲೇ, ನಡುವೆ ಎರಡ್ ಕಡೆ ಇಳ್ದು ಹತ್ಬೇಕು. ಬರುವಾಗ ನೋಡಿಲ್ವ, ಊರಷ್ಟಗಲ ಇತ್ತು. ಯಾವ್ ಬಾಗ್ಲಿಗೋಗ್ಲಿ ನಾನು? ಯಾರ್ನ ಕೇಳ್ಲಿ, ಏನಂತ ಕೇಳ್ಲಿ?" ಅವಳ ಸ್ವರ ಏರಲಿಲ್ಲ, ಇಳಿಯಿತು. "ಅಲ್ಲೆಲ್ಲಾರ ಕಳ್ದೋದ್ರೆ ಮಗೀಗ್ ಏನ್ ಭಾಗ್ಯ ಬತ್ತದೆ."

ಅಧಿಕಾರಿಣಿ ಪಾಸ್‌ಪೋರ್ಟುಗಳನ್ನು ಕೇಳಿದರು. ಏನು ಮಾಡುತ್ತಾರೋ ತಿಳಿಯದೆ ಎರಡನ್ನೂ ಕೊಟ್ಟೆ. ಅವರು ಅಕ್ಕನದನ್ನು ತೆರೆದು, ಹುಟ್ಟಿದ ದಿನದ ಮೇಲೆ ಬೆರಳಿಟ್ಟು, ಅಕ್ಕನ ಮುಖ ನೋಡಿ ಕೇಳಿದರು: "ಸಿಕ್ಸ್ಟಿ ಫೈವ್?"

ಆಮೇಲೆ ಫಲಕದ ಕೆಳಗಿನ ಸಾಲನ್ನು ತೋರಿಸಿದರು. ಸಣ್ಣ ಅಕ್ಷರ, ನಾನು ಅಲ್ಲಿಯವರೆಗೆ ಓದಿರಲೇ ಇಲ್ಲ. ಎಳೆಯ ಮಕ್ಕಳಿಗೂ ಅರವತ್ತೈದು ತುಂಬಿದವರಿಗೂ ಈ ಶುಲ್ಕವಿಲ್ಲ.

ಅಕ್ಕನಿಗೆ ಆ ಸಾಲು ಓದಲು ಬಾರದು. ಸಿಕ್ಸ್ಟಿ ಫೈವ್ ಎಂದರೆ ಎಷ್ಟೆಂದು ಗೊತ್ತು. ಆ ಅಂಕಿಯ ಮೇಲೆ ಅವಳಿಗೆ ಹಳೆಯ ಸಿಟ್ಟು. ನಮ್ಮ ಕಾಲದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆಯ ಕಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಆರು ವರ್ಷ. ಅಕ್ಕ ನಾಲ್ಕಕ್ಕೇ ಕತ್ತು ವಾಲಿಸಿ ಮುಟ್ಟಿಬಿಟ್ಟಳಂತೆ. ಮೇಷ್ಟ್ರು ಆರು ಎಂದು ಲೆಕ್ಕ ಹಾಕಿ ಜೂನ್ ಒಂದು ಎಂದು ಬರೆದರು. ಅದರಿಂದಾಗಿ ಅಂಗನವಾಡಿ ಕೆಲಸದಿಂದ ಅವಳನ್ನು ಎರಡು ವರ್ಷ ಮೊದಲೇ ಮನೆಗೆ ಕಳಿಸಿದರು. ಆ ಮೇಷ್ಟ್ರನ್ನು ಅವಳು ಬೈಯದ ಹಬ್ಬವಿಲ್ಲ.

"ಅಯ್ಯೋ, ನಂಗೆಲ್ಲಿ ಅರವತ್ತೈದು!" ಎಂದಳು ಜೋರಾಗಿ. "ಅರವತ್ಮೂರು ಕಣಮ್ಮ. ಅದು ಮೇಷ್ಟ್ರು ಮಾಡಿದ್ ಕಿತಾಪತಿ. ಹಿಂಗ್ ಮುಟ್ಟು ಅಂದ್ರು, ಮುಟ್ದೆ." ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ, ಕತ್ತು ವಾಲಿಸಿ, ಎಡಗಿವಿ ಹಿಡಿದು ತೋರಿಸಿದಳು.

ಅಧಿಕಾರಿಣಿ ನನ್ನನ್ನು ನೋಡಿದರು. "ಏನು ಹೇಳುತ್ತಿದ್ದಾರೆ?"

ಯೋಚಿಸಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಯೋಚಿಸಲಿಲ್ಲ. ವಾರವಿಡೀ ಮಾಡಿದ್ದನ್ನೇ ಮಾಡಿದೆ. ಅರವತ್ತಮೂರು, ಮೇಷ್ಟ್ರು, ಕಿವಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಹೇಳಿ ಮುಗಿದ ಮೇಲೆ ಏನು ಹೇಳಿದೆ ಎಂಬುದು ನನಗೆ ತಿಳಿಯಿತು. ಅಕ್ಕನ ಕೈ ಇನ್ನೂ ಕಿವಿಯ ಮೇಲೇ ಇತ್ತು.

ಅಧಿಕಾರಿಣಿ ಪಾಸ್‌ಪೋರ್ಟನ್ನು ಮತ್ತೊಮ್ಮೆ ನೋಡಿದರು. "ಆ ಮೇಷ್ಟ್ರು ಈಗ ಎಲ್ಲಿದ್ದಾರೆ?"

"ತೀರಿಹೋಗಿ ಬಹಳ ಕಾಲವಾಯಿತು."

"ಹಾಗಾದರೆ ಅವರನ್ನು ಕೇಳುವ ಹಾಗಿಲ್ಲ" ಎಂದರು. ಮುಖದಲ್ಲಿ ನಗು ಇರಲಿಲ್ಲ. "ನಿಮ್ಮ ಸರ್ಕಾರ ಅವರ ಮಾತು ನಂಬಿದೆ. ನಂಬುವುದಿಲ್ಲ ಎನ್ನಲು ನಾನು ಯಾರು?" ಮೊಹರು ಬಿತ್ತು. ನನ್ನೊಬ್ಬಳ ಶುಲ್ಕ ತೆಗೆದುಕೊಂಡು ರಸೀದಿ ಕೊಟ್ಟರು. ನಾವು ಸರಿದ ಮೇಲೆ ತಿರುಗಿ ನೋಡಿದೆ. ಅವರು ಪಕ್ಕದ ಕುರ್ಚಿಯವಳಿಗೆ ಏನೋ ಹೇಳುತ್ತ, ಕೈಯನ್ನು ತಲೆಯ ಮೇಲಿಂದ ತಂದು ಕಿವಿಗೆ ನಿಲುಕಿಸುತ್ತಿದ್ದರು.

ವಿಮಾನ ಏರಿ ಕುಳಿತು ಬೆಲ್ಟು ಹಾಕಿಕೊಂಡ ಮೇಲೆ ನಡೆದದ್ದನ್ನು ಅಕ್ಕನಿಗೆ ಬಿಡಿಸಿ ಹೇಳಿದೆ.

"ನನ್ ಬಾಯಿಗೆ ಬೆಂಕಿ ಹಾಕ" ಎಂದಳು. ನನ್ನ ಕಡೆ ತಿರುಗಿ, "ನಿನ್ ಬಾಯಿಗೂವೆ. ನಾನೇನೋ ಹೆಬ್ಬೆಟ್ಟಿಗಿಂತ ಒಂದ್ ಮೆಟ್ಲು ಮೇಲೆ. ನೀನ್ ಓದಿರೋಳಲ್ವೇನೇ?"

ಕಿಟಕಿಯ ಕೆಳಗೆ ನಿಲ್ದಾಣದ ಚಾವಣಿ ಕಂಡಿತು. ಅರ್ಧ ಹೊಸ ತಗಡು, ಅರ್ಧ ನೀಲಿ ಟಾರ್ಪಾಲು. ನಾನು ಕೊಟ್ಟದ್ದು ಅಲ್ಲಿಗೆ ಹೋಗುತ್ತದೆಯೋ ಏನೋ. ಹೋಗಲಿ ಅನ್ನಿಸಿತು. ಅಲ್ಲಿಂದ ಮುಂದೆ ನನಗೆ ನಿದ್ದೆ ಬಂತು.

ಗುರುವಾರ ರಾತ್ರಿ ತಿಪಟೂರಿನಲ್ಲಿ ಇಳಿದು ನೇರವಾಗಿ ಆಸ್ಪತ್ರೆಗೆ ಹೋದೆವು. ಮಗಳು ಎಚ್ಚರವಾಗಿಯೇ ಇದ್ದಳು. ಅಕ್ಕ ಅವಳ ಕಾಲ ಬಳಿ ಕೂತು, ಪಾದದ ಬಾವನ್ನು ಒತ್ತಿ ನೋಡತೊಡಗಿದಳು. ಮಗಳು ಕೇಳಿದಳು, "ಅವ್ರು ಕೊಬ್ರಿ ಮಾಡಾದ್ ಕಲ್ತ್ಕಂಡ್ರೇನವ್ವ?" "ಹನ್ನೊಂದ್ ತಿಂಗ್ಳು ಕಾಯ್ಬೇಕು ಅಂದಿದ್ಕೆ ಎಲ್ರೂ ಬಾಯ್ ಬುಟ್ಕಂಡು ನೋಡಿದ್ರು" ಎಂದಳು ಅಕ್ಕ. "ನೀನ್ ಹತ್ ವರ್ಷ ಕಾದಿದೀಯ ಅಂತ ಅವ್ರಿಗೇನ್ ಗೊತ್ತು."

ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಅಕ್ಕ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ನರ್ಸು ಹೊರಗೆ ಬಂದು ಹುಟ್ಟಿದ ವಿವರ ಬರೆದುಕೊಳ್ಳಲು ನಿಂತಾಗ ಅಕ್ಕ ಎದ್ದು ಅವಳ ಹತ್ತಿರ ಹೋದಳು.

"ನೋಡಮ್ಮ, ಒಂದೆರಡ್ ವರ್ಷ ಜಾಸ್ತಿನೇ ಬರ್ಕೊ" ಎಂದಳು. "ಯಾವತ್ತಾರ ಉಪಯೋಗಕ್ ಬತ್ತದೆ."

ನರ್ಸು ನಗಲಿಲ್ಲ. ಗೋಡೆಯ ಗಡಿಯಾರ ನೋಡಿ ಗಂಟೆ, ನಿಮಿಷ ಬರೆದುಕೊಂಡು ಒಳಗೆ ಹೋದಳು.